ಮನ್ನಾರಿನ ಮರಳು

ಕಣ್ಣಿಗೆ ಕಾಣದಷ್ಟು ಚಿಕ್ಕ ಕಡಲಹುಳುಗಳ ಮರಿಗಳಿಗೆ ತಮಿಳು ಕರಾವಳಿಯ ಪರಂಗಿಪೇಟೆಯಲ್ಲಿ ತಾಯಿಯೆಂದರೆ ಪ್ರಯೋಗಾಲಯದ ಯೋಗಮಲರ್ ಅಕ್ಕ. ಅಳಿವೆಯಲ್ಲಿ ಜಾಳಿಗೆ ಎಳೆಯುವಾಗ ದೋಣಿಯ ಅಂತೋಣಿ ಕೆಮ್ಮಿದರೂ, "ಮೆಲ್ಲಗೆ ಕಣೋ, ಕೂಸುಗಳು ಬೆಚ್ಚಿಬೀಳ್ತಾವೆ!" ಎಂದು ಗದರುವವಳು. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳೆಂದರೆ ಬುತ್ತಿಯ ಅನ್ನ ಹಳಸಿದರೂ ಏಳುವವಳಲ್ಲ. "ಕಂಡಕಂಡಲ್ಲಿ ಇಳಿಯೋ ಜಾತಿ ಅಲ್ಲ ಇವು. ಜೀವ ಇರೋ ಮರಳು ಸಿಗೋವರೆಗೂ ತೇಲ್ತಾನೇ ಇರ್ತವೆ" ಎಂದು ಹೆತ್ತವಳ ಹೆಮ್ಮೆಯಲ್ಲಿ ಹೇಳುವಳು. ಮರಿಗಳನ್ನು ಬಿಡುವ ಅವಳ ಮರಳಿನ ಬಟ್ಟಲುಗಳ ಸಾಲಿನಲ್ಲಿ ಕೊನೆಯದರಲ್ಲಿರುವುದು, ಲಂಕೆಯ ಯುದ್ಧಕಾಲದಲ್ಲಿ ತನ್ನೂರು ಮನ್ನಾರು ಬಿಟ್ಟು ಬರುವಾಗ ಸೆರಗಿನಲ್ಲಿ ಕಟ್ಟಿ ತಂದ ಮರಳು. ಉಳಿದವುಗಳಲ್ಲಿ ಮರಿಗಳು ಇಳಿದು ಮನೆ ಕಟ್ಟುತ್ತವೆ. ಇದರಲ್ಲಿ ಮಾತ್ರ ಪ್ರತಿವರ್ಷವೂ ಮೇಲೆಯೇ ಸುತ್ತುತ್ತವೆ. "ಒಣಗಿ ಸತ್ತ ಮರಳು ಅಕ್ಕಾ, ನೀನೇ ಹೇಳ್ತೀಯಲ್ಲ, ಚೆಲ್ಬಿಡು" ಎನ್ನುತ್ತಾನೆ ಅಂತೋಣಿ. ಅಕ್ಕ ಆ ಬಟ್ಟಲಿಗೆ ಹೊಸ ಕಡಲನೀರು ಹೊಯ್ಯುತ್ತಾಳೆ. "ಇವತ್ತೊಂದಿನ ಇರ್ಲಿ ಕಣೋ."