ಒಣ ಮುಳ್ಳಿನ ರಾಶಿಗೆ ಬಂದ ಚಿಪ್ಪುಹಂದಿ

ನಾನು ನಿಂತಿದ್ದದ್ದು ನಮ್ಮ ರಾಗಿ ಹೊಲದ ಮೂಡಣ ಬದುವಿನ ಮೇಲೆ, ಹೊಂಗೆ ಮರದ ಬುಡಕ್ಕೆ ಬೆನ್ನು ಕೊಟ್ಟು. ಮಳವಳ್ಳಿಯಿಂದ ಬಂಡೂರಿನ ಕಡೆ ಹೋಗುವ ಗಾಡಿದಾರಿ ನನ್ನ ಎಡಕ್ಕಿತ್ತು, ಬಂಡೆಗುಡ್ಡ ಎದುರಿಗೆ. ಯುಗಾದಿ ಕಳೆದ ಮೇಲಿನ ಹುಣ್ಣಿಮೆಯ ಸಂಜೆ. ಮೂವತ್ತರ ದಶಕದ ನಡುವಿನ ವರ್ಷ; ಮಂಡ್ಯದ ಕಡೆ ನಾಲೆ ನೀರು ಹರಿದು ಕಬ್ಬು ಎದ್ದಿತ್ತು, ನಮ್ಮ ಹೊಲ ಇನ್ನೂ ಮಳೆಯನ್ನೇ ನಂಬಿತ್ತು. ಹೊತ್ತು ಮುಳುಗಿತ್ತು, ಆದರೆ ಕಲ್ಲು ಯಾವುದು, ಮಣ್ಣು ಯಾವುದು ಎಂದು ಗುರುತು ಸಿಗುತ್ತಿತ್ತು. ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಕೇಳಿದ್ದಾದರೆ ಕೇಳಿದ್ದೆಂದೇ ಹೇಳುತ್ತೇನೆ.

ಯುಗಾದಿಗೆ ಮೊದಲು ಅಣ್ಣನ ಚೊಚ್ಚಲ ಹೆಣ್ಣುಮಗು ಜ್ವರದಲ್ಲಿ ಹೋಗಿತ್ತು. ನಮ್ಮಲ್ಲಿ ಎಳೆಮಕ್ಕಳನ್ನು ಸ್ವಂತ ಹೊಲದ ಮೂಲೆಯಲ್ಲೇ ಮಣ್ಣು ಮಾಡುತ್ತಿದ್ದರು. ಗುಂಡಿಯ ಬಾಯಿಗೆ ಒಂದು ಚಪ್ಪಡಿ ಕಲ್ಲು ಮುಚ್ಚಿ, ಕಲ್ಲಿನ ಮೇಲೆ ಮಣ್ಣೆಳೆದು, ನರಿ ಕೆರೆಯದಿರಲೆಂದು ಅದರ ಮೇಲೆ ಜಾಲಿಮುಳ್ಳಿನ ರಾಶಿ ಹಾಕುತ್ತಿದ್ದರು. ಹೋಗುತ್ತಿದ್ದವರು ಗಂಡಸರು ಮಾತ್ರ. ಹೆತ್ತವಳನ್ನು ಆ ಕಡೆ ಬಿಡುತ್ತಿರಲಿಲ್ಲ, ಅಲ್ಲಿ ಏನು ಮಾಡಿದೆವೆಂದು ಅವಳೆದುರು ಮಾತೂ ಆಡುತ್ತಿರಲಿಲ್ಲ.

ಒಂದು ಬೆಳಗ್ಗೆ ಪಕ್ಕದ ಹೊಲದವನು ನಮ್ಮ ಜಗಲಿಗೆ ಬಂದು, ದನಿ ತಗ್ಗಿಸದೆ ಅಣ್ಣನಿಗೆ ಹೇಳಿದ: "ನಿಮ್ ಕೂಸಿನ ಮಣ್ಣ ಕೆರೆದು ಆಕದೆ ಕಣ್ಲಾ. ಚಿಪ್ಪಂದಿ ಕೆಲ್ಸ. ಅದು ಎಣ ತಿನ್ನಾಕೇ ಬರಾದು."

ಅತ್ತಿಗೆ ಒಳಗೆ ರಾಗಿ ಬೀಸುತ್ತಿದ್ದರು. ಬೀಸುಕಲ್ಲು ನಿಂತಿತು.

ಅಂದಿನಿಂದ ಅವರು ಸರಿಯಾಗಿ ಉಣ್ಣಲಿಲ್ಲ. ಯಾರು ಎದುರಿಗೆ ಬಂದರೂ ಒಂದೇ ಮಾತು: "ನನ್ ಕೂಸು ಅಲ್ಲಿ ಅದೋ ಇಲ್ವೋ, ಅದೊಂದ್ ಯೋಳಿ." ಅವ್ವ ಗದರಿಸಿ ನೋಡಿದರು, ತಬ್ಬಿಕೊಂಡೂ ನೋಡಿದರು. ಮುಚ್ಚಿದ ಮಣ್ಣನ್ನು ಮತ್ತೆ ತೆಗೆಯುವುದು ನಮ್ಮಲ್ಲಿ ಇಲ್ಲ. ಕೊನೆಗೆ ಅಣ್ಣ ತಾನೇ ಒಂದು ದಾರಿ ಹುಡುಕಿದ. "ಅದ್ನ ಒಡ್ದು ಒಟ್ಟೆ ಸೀಳಿ ನೋಡ್ತೀನಿ. ಗೊತ್ತಾಯ್ತದೆ."

ಹಾಗೆ ಆ ಹುಣ್ಣಿಮೆಯ ಸಂಜೆ ನಾವು ಮೂವರು ಕಾದೆವು: ಹಾರೆ ಹಿಡಿದ ಅಣ್ಣ, ನಾನು, ಪಕ್ಕದ ಹೊಲದವನು. ಅವನಿಗೆ ಚಿಪ್ಪಿನ ಮೇಲೆ ಆಸೆ.

"ಅದ್ರ ಚಿಪ್ಪಲ್ಲಿ ಉಂಗ್ರ ಮಾಡುಸ್ಕಂಡ್ರೆ ಮೂಲವ್ಯಾಧಿ ಓಯ್ತದೆ ಕಣ್ಲಾ," ಎಂದ ನನ್ನ ಕಿವಿಯಲ್ಲಿ.

"ನೀನು ಮೆಣಸಿನ್ಕಾಯಿ ತಿನ್ನಾದು ಬುಡು, ಅದೂ ಓಯ್ತದೆ," ಎಂದೆ.

"ಬಾಯ್ ಮುಚ್ಕಳ್ರಲಾ," ಎಂದ ಅಣ್ಣ.

ಅದು ಬಂಡೆಗಳ ಸಂದಿಯಿಂದ ಬಂತು. ಮುಂಗಾಲಿನ ಉಗುರುಗಳನ್ನು ಒಳಕ್ಕೆ ಮಡಿಚಿಕೊಂಡು, ತಲೆ ತಗ್ಗಿಸಿ, ಭಾರವಾದ ಬಾಲ ಹಿಂದೆ ಹೊತ್ತು ನಿಧಾನವಾಗಿ ನಡೆಯಿತು. ಬಾಲದ ಬುಡದ ಮೇಲೆ ಏನೋ ಗಂಟಿನಂತೆ ಇತ್ತು. ಆ ಬೆಳಕಿನಲ್ಲಿ ಅದೇನೆಂದು ನನಗೆ ತಿಳಿಯಲಿಲ್ಲ. ಮುಳ್ಳಿನ ರಾಶಿಯ ಪಕ್ಕ ನಿಂತು ಮೂಸಿತು. ಆಮೇಲೆ ಉಗುರು ಬಿಚ್ಚಿ ಕೆರೆಯತೊಡಗಿತು. ಅಣ್ಣ ನುಗ್ಗಿದ.

ಅದು ಓಡಲಿಲ್ಲ. ಬಾಲದ ಮೇಲಿದ್ದದ್ದನ್ನು ಹೊಟ್ಟೆಯಡಿಗೆ ಎಳೆದುಕೊಂಡು, ತಲೆ ಒಳಗಿಟ್ಟು, ಬಾಲ ಸುತ್ತಿ ಉಂಡೆಯಾಯಿತು. ಒಂದು ಸಲ ಬುಸ್ಸೆಂದಿತು, ಅಷ್ಟೆ. ಅಣ್ಣ ಹಾರೆಯಿಂದ ಹೊಡೆದ. ಬಂಡೆಗೆ ತಾಗಿದಂಥ ಸದ್ದು. ಒಂದು ಚಿಪ್ಪು ಸೀಳಿ ಎಗರಿ ನನ್ನ ಕಾಲ ಬಳಿ ಬಿತ್ತು. ಆ ಸದ್ದು ಇಂದಿಗೂ ನನ್ನ ಕಿವಿಯಿಂದ ಹೋಗಿಲ್ಲ. ಹುಲಿಯಾದರೂ ಬಿಡಿಸಲಾರದೆಂದು ಹೇಳುವ ಆ ಉಂಡೆಯನ್ನು ಮನುಷ್ಯ ಕುಂಬಳಕಾಯಿಯಂತೆ ಎತ್ತಿಕೊಂಡು ಹೋಗಬಹುದು. ಅದಕ್ಕೆ ಗೊತ್ತಿದ್ದ ಉಪಾಯ ಅದೊಂದೇ.

"ಬುಡಿ! ಒಡೀಬ್ಯಾಡಿ!"

ಅತ್ತಿಗೆಯ ದನಿ. ಯಾರಿಗೂ ಹೇಳದೆ ನಮ್ಮ ಹಿಂದೆ ಬಂದು ಬದುವಿನಾಚೆ ಕುಳಿತಿದ್ದರಂತೆ. ಈಗ ಉಂಡೆಗೂ ಹಾರೆಗೂ ನಡುವೆ ಬಂದು ಕೂತುಬಿಟ್ಟರು. ಉಂಡೆಯ ಅಂಚಿನಲ್ಲಿ ಒಂದು ಪುಟ್ಟ ಬಾಲ ಹೊರಗೆ ಉಳಿದಿತ್ತು. ಮೆತ್ತನೆಯ, ತಿಳಿಬಣ್ಣದ ಚಿಪ್ಪಿನ ಬಾಲ.

"ಕೂಸ್ನ ಮಡಿಕಂಡದೆ," ಎಂದರು ಅತ್ತಿಗೆ.

"ನಿನ್ ಕೂಸ್ನ ತಿಂದಿರಾದು ಅದೇ ಕಣಮ್ಮೀ," ಎಂದ ಅಣ್ಣ. ಅವನು ಅಳುತ್ತಿದ್ದ.

ಅತ್ತಿಗೆ ಕೆರೆದಿದ್ದ ತೂತಿಗೆ ತಾವೇ ಕೈ ಇಟ್ಟರು. ನಾವು ತಡೆಯುವಷ್ಟರಲ್ಲಿ ಮೊಳಕೈವರೆಗೆ ಕೈ ಒಳಗೆ ಹೋಗಿತ್ತು. ತುಸು ಹೊತ್ತು ತಡಕಾಡಿದರು.

"ಇಲ್ಲಿ ಕಲ್ಲದೆ," ಎಂದರು. ಮತ್ತೆ ತಡಕಿ, "ದೊಡ್ಡ ಕಲ್ಲು. ಮಣ್ಣು ಮೆತ್ತಿದಂಗೇ ಅದೆ, ಅಲ್ಲಾಡಿಲ್ಲ. ಕಲ್ಲು ಮುಚ್ಚಿದೀವಿ ಅಂತ ನಂಗ್ಯಾಕೆ ಯೋಳ್ನಿಲ್ಲ ನೀವು?"

ಅಣ್ಣ ಹಾರೆ ಕೆಳಗೆ ಹಾಕಿದ. ಅತ್ತಿಗೆ ಹೊರಗೆ ತೆಗೆದ ಕೈಯ ತುಂಬ ಗೆದ್ದಲು ಹರಿದಾಡುತ್ತಿತ್ತು. ಆಗ ನಾನು ಮುಳ್ಳಿನ ರಾಶಿಯನ್ನು ಬಗ್ಗಿ ನೋಡಿದೆ. ಅಡಿಯ ಕೊಂಬೆಗಳಿಗೆಲ್ಲ ಗೆದ್ದಲು ಮಣ್ಣು ಹತ್ತಿತ್ತು. ತೂತು ಕೊಂಬೆಗಳ ಕೆಳಗೇ ಅಡ್ಡಡ್ಡ ಹೋಗಿ, ಕಲ್ಲಿನ ಮೇಲೆ ನಿಂತಿತ್ತು. ನರಿಗೆ ಹೆದರಿ ನಾವು ಹಾಕಿದ ಒಣ ಮುಳ್ಳಿಗೆ ಗೆದ್ದಲು ಬಂದಿತ್ತು, ಗೆದ್ದಲಿಗೆ ಅದು ಬಂದಿತ್ತು. ಅದರ ಬಾಯಲ್ಲಿ ಹಲ್ಲೇ ಇಲ್ಲ, ಇರುವುದು ಉದ್ದನೆಯ ಅಂಟು ನಾಲಿಗೆ, ಈಯುವುದು ಸಾಮಾನ್ಯವಾಗಿ ಒಂದೇ ಮರಿ ಎಂಬುದೆಲ್ಲ ನಾನು ಬಹಳ ವರ್ಷಗಳ ಮೇಲೆ ಓದಿ ತಿಳಿದದ್ದು.

ಪಕ್ಕದ ಹೊಲದವನು ಮೆಲ್ಲಗೆ, "ಅಂಗಾದ್ರೆ ಚಿಪ್ಪು?" ಎಂದ.

"ಮುಟ್ಟು ನೋಡುವಾ," ಎಂದರು ಅತ್ತಿಗೆ. ಅವನು ಮುಟ್ಟಲಿಲ್ಲ.

ನಾವು ಬದುವಿನವರೆಗೆ ಹಿಂದೆ ಸರಿದು ನಿಂತೆವು. ಬೆಳದಿಂಗಳು ಚೆನ್ನಾಗಿ ಬಿದ್ದ ಮೇಲೆ ಉಂಡೆ ಸಡಿಲವಾಯಿತು. ಮರಿ ಬಾಲ ಹತ್ತಿ ಕವುಚಿಕೊಂಡಿತು. ತಾಯಿ ಒಂದು ಹಿಂಗಾಲು ಎಳೆಯುತ್ತ ಬಂಡೆಗಳತ್ತ ಹೋಯಿತು. ಆಮೇಲೆ ಅದು ಬದುಕಿತೋ ಇಲ್ಲವೋ ನಾನು ಹೇಳಲಾರೆ.

ಮಾರನೆಯ ದಿನ ಅಣ್ಣ ಮುಳ್ಳು ತೆಗೆದು ಕಲ್ಲು ಜೋಡಿಸಿದ, ಅತ್ತಿಗೆಯನ್ನು ಜೊತೆಗೆ ಕರೆದುಕೊಂಡು ಹೋಗಿ. ಅಂದು ರಾತ್ರಿ ಅವರು ಉಂಡರು. ಅಣ್ಣ ಇರುವ ತನಕ ನಮ್ಮ ಹೊಲದ ಬಿಲಗಳಿಗೆ ಹೊಗೆ ಹಾಕಲು ಯಾರನ್ನೂ ಬಿಡಲಿಲ್ಲ. ಸುತ್ತಲಿನ ಗುಡ್ಡಗಳಲ್ಲಿ ಹಾಕಿದರು, ಹಿಡಿದರು, ಚಿಪ್ಪು ಮಾರಿದರು. ಈಗ ನಮ್ಮ ಕಡೆ ಅದನ್ನು ಕಂಡೆನೆನ್ನುವವರು ನನಗೆ ಸಿಕ್ಕಿಲ್ಲ.

ಅಂದು ನೋಡಿದವರಲ್ಲಿ ಅಣ್ಣನೂ ಪಕ್ಕದ ಹೊಲದವನೂ ತೀರಿಕೊಂಡಿದ್ದಾರೆ. ಅತ್ತಿಗೆ ಮದ್ದೂರಿನಲ್ಲಿ ಕಿರಿಮಗಳ ಮನೆಯಲ್ಲಿದ್ದಾರೆ. ನಾನು ಕಂಡದ್ದು ಮರಿಯ ಬಾಲ ಮಾತ್ರ. ಅದರ ಕಣ್ಣನ್ನೂ ಕಂಡೆ ಎನ್ನುತ್ತಾರೆ ಅವರು. ಇರಬಹುದು. ಅವರು ನನಗಿಂತ ಹತ್ತಿರದಲ್ಲಿದ್ದರು.