ಅಳತೆ ಉಳಿಸಿಕೊಂಡ ಫಂಕ್ಷನ್

ಕೋಡ್‌ನಲ್ಲಿ ಒಂದು ಫಂಕ್ಷನ್, ಅಂದರೆ ಕೇಳಿದ ಕೆಲಸ ಮಾಡಿಕೊಡುವ ಕೋಡಿನ ತುಣುಕು, ಇನ್ನೊಂದು ಫಂಕ್ಷನ್ನನ್ನೇ ವಾಪಸು ಕೊಡುತ್ತದೆ ಎಂದು ಓದಿದಾಗ ನನಗೆ ಸಿಟ್ಟು ಬಂದಿತ್ತು. ಇಂದಿರಾನಗರದ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಬಿಟ್ಟು ಕೋಡ್ ಬರೆಯಲು ಕಲಿಯುತ್ತಿದ್ದ ದಿನಗಳವು. ಉತ್ತರ ಕೇಳಿದರೆ ಉತ್ತರ ಕೊಡಬೇಕು. ಇದೇನು, ಊಟಕ್ಕೆ ಕರೆದು ಒಲೆ ತೋರಿಸಿದ ಹಾಗೆ?

ಪಕ್ಕದ ಸೀಟಿನ ಗೆಳತಿ ನಕ್ಕಳು. "ನಿಮ್ಮಮ್ಮ ಬ್ಲೌಸ್ ಎಲ್ಲಿ ಹೊಲಿಸ್ತಾರೆ?"

"ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ ಹತ್ರ."

"ಒಂದ್ಸಲ ಅಳತೆ ಕೊಟ್ರೆ ಆಮೇಲೆ ಬರೀ ಬಟ್ಟೆ ಕಳಿಸಿದ್ರೆ ಸಾಕು ತಾನೆ? ಅಷ್ಟೇ ಕಣೆ. ಹೊರಗಿನ ಫಂಕ್ಷನ್‌ಗೆ ಅಳತೆ ಕೊಡು. ಅದು ಬ್ಲೌಸ್ ಕೊಡಲ್ಲ, ನಿಮ್ಮಮ್ಮನ ಅಳತೆಗೆ ಹೊಲಿಯೋ ಟೈಲರ್‌ನ ಕೊಡುತ್ತೆ, ಅವನೇ ಒಳಗಿನ ಫಂಕ್ಷನ್. ಹೊರಗಿಂದು ಕೆಲಸ ಮುಗಿಸಿ ಹೋದ್ರೂ ಅಳತೆ ಇವನ ಹತ್ರ ಉಳಿದಿರುತ್ತೆ. ಯಾವಾಗ ಬಟ್ಟೆ ಕೊಟ್ರೂ ಅದೇ ಅಳತೆ."

ಅರ್ಥವಾಯಿತು, ಆದರೆ ಖುಷಿಯಾಗಲಿಲ್ಲ. ಹಿಂದಿನ ವಾರವಷ್ಟೇ ಅಮ್ಮನ ಬಟ್ಟೆಯನ್ನು ಆ ಟೈಲರಿಗೆ ಕೊಟ್ಟು ಬಂದಿದ್ದೆ.

ಅಮ್ಮನಿಗೆ ಕ್ಯಾನ್ಸರ್ ಆಗಿ ಮೈ ಇಳಿಯುತ್ತಿತ್ತು. ಕಲಬುರಗಿ ಕಡೆಯಿಂದ ಬಂದು ಮಹದೇವಪುರದ ಬಾಡಿಗೆ ಕೋಣೆಯಲ್ಲಿದ್ದ ನಮಗೆ ತಂಗಿಯ ನಿಶ್ಚಿತಾರ್ಥವೇ ಆಗ ದೊಡ್ಡ ಆಸೆ. ಕಾಯಿಲೆಯ ಸುದ್ದಿ ತಿಳಿದರೆ ಗಂಡಿನವರು ಹಿಂದೆ ಸರಿದಾರೆಂದು ಅಮ್ಮ ಹೆದರಿದ್ದಳು. ಹೊಸದಾಗಿ ಅಳತೆ ಕೊಡೋಣವೆಂದರೆ ಒಪ್ಪಿರಲಿಲ್ಲ.

"ಟೇಪ್ ಹಿಡದ್ರ ಅವಂಗ ಗೊತ್ತಾಗ್ತದವ್ವಾ, ಸುದ್ದಿ ಹಬ್ಬತದ. ಹಳೀ ಅಳತಿ ಅವನ ಹಂತೇಕ ಅದಲ್ಲ, ಸಾಕು."

ಬ್ಲೌಸ್ ಬಂತು. ಹೊಲಿಗೆಯಲ್ಲಿ ಒಂದು ಕುಂದಿಲ್ಲ. ಕಾಯಿಲೆಗೆ ಮುಂಚಿನ ಅಮ್ಮನಿಗೆ ಹೇಳಿ ಮಾಡಿಸಿದಂತಿತ್ತು. ಈಗಿನ ಅಮ್ಮನ ತೋಳಿನ ಸುತ್ತ ಅದು ಜೋತುಬಿದ್ದಿತ್ತು. ಹಿಡಿದು ಹೊಲಿಯುತ್ತೇನೆಂದು ಸೂಜಿ ತಂದರೆ ಬಿಡಲಿಲ್ಲ. "ಬ್ಯಾಡ. ಮತ್ತ ಮೈ ತುಂಬ್ಕೋತೀನಿ." ನನಗೆ ಕೋಪವೂ ಅಳುವೂ ಒಟ್ಟಿಗೇ ಬಂದವು.

ನಿಶ್ಚಿತಾರ್ಥದ ದಿನ ಅಮ್ಮ ಭುಜದ ಸುತ್ತ ಸೆರಗು ಹೊದ್ದು ನಗುನಗುತ್ತಲೇ ಓಡಾಡಿದಳು. ಯಾರೂ ಏನೂ ಕೇಳಲಿಲ್ಲ. ಗೆದ್ದೆವು ಅಂದುಕೊಂಡೆ. ಹೊರಡುವಾಗ ಹುಡುಗನ ತಾಯಿ, ಅವರೂ ಕಲಬುರಗಿ ಕಡೆಯವರೇ, ಅಮ್ಮನನ್ನು ತಬ್ಬಿಕೊಂಡರು. ಬೆನ್ನ ಮೇಲಿಟ್ಟ ಕೈ ಅಲ್ಲೇ ನಿಂತಿತು. ಆ ಸಡಿಲ ಬಟ್ಟೆಯ ಕೆಳಗೆ ಬರೀ ಎಲುಬು. ಕುಂಕುಮದ ತಟ್ಟೆ ಹಿಡಿದು ಪಕ್ಕದಲ್ಲಿದ್ದ ನಾನು ಆ ಕೈಯನ್ನೇ ನೋಡುತ್ತಿದ್ದೆ.

ಅವರು ದನಿ ತಗ್ಗಿಸಿದರು. "ಲಗ್ನ ಲಗೂನ ಮಾಡಿಬಿಡೂಣ್ರಿ ಅಕ್ಕಾ. ನೀವು ಇರೂದ್ರಾಗ."

ಅಮ್ಮ ಸೆರಗು ಸರಿಮಾಡಿಕೊಂಡು, "ಆಗಲ್ರೀ" ಎಂದಳು.