ಎಣ್ಣೆ ಅಳೆದ ಚಳಿಗಾಲ

ನಮ್ಮ ಮನೆಗೆ ಗ್ಯಾಸ್ ಲೈನ್ ಇಲ್ಲ ಎಂಬುದು ಕೊಳ್ಳುವಾಗಲೇ ಗೊತ್ತಿತ್ತು. ಹಾಗೆಂದರೆ ಏನು ಎಂಬುದು ಗೊತ್ತಿರಲಿಲ್ಲ. ಪಿಸ್ಕಾಟವೇಯ ಅಪಾರ್ಟ್‌ಮೆಂಟಿನಲ್ಲಿ ಒಂಬತ್ತು ವರ್ಷ ಇದ್ದೆವು. ಅಲ್ಲಿ ಹೀಟ್ ಬಾಡಿಗೆಯಲ್ಲೇ ಸೇರಿತ್ತು. ಸೆಕೆಯಾದರೆ ಜನವರಿಯಲ್ಲೂ ಕಿಟಕಿ ತೆಗೆದಿಡುತ್ತಿದ್ದೆವು. ಹತ್ತಿರದ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿ ಎರಡು ವರ್ಷ ಮನೆ ಹುಡುಕಿದೆವು. ಪ್ರತಿ ಸಲವೂ ನಮಗಿಂತ ಹೆಚ್ಚು ಕೊಡುವವರು ಬರುತ್ತಿದ್ದರು. ಕೊನೆಗೆ ಅಲ್ಲಿಂದ ಪಶ್ಚಿಮಕ್ಕೆ ಒಂದು ಗಂಟೆಗೂ ಹೆಚ್ಚು ದೂರ, ಜೋಳದ ಹೊಲಗಳ ನಡುವೆ, ಈ ಹಳೆಯ ಎರಡಂತಸ್ತಿನ ಮನೆ ಸಿಕ್ಕಿತು. ಇದಕ್ಕೂ ಇನ್ನಿಬ್ಬರು ಪೈಪೋಟಿಗಿದ್ದರು. ಕೊಳ್ಳುವ ಮುಂಚೆ ಮನೆಯ ಇನ್‌ಸ್ಪೆಕ್ಷನ್ ಬೇಡ ಎಂದು ಬರೆದುಕೊಟ್ಟರೆ ನಿಮಗೇ ಆಗುತ್ತದೆ ಎಂದು ಏಜೆಂಟ್ ಹೇಳಿದಳು. ನಾವು ಬರೆದುಕೊಟ್ಟೆವು.

ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಬಾಯ್ಲರಿನಲ್ಲಿ ಉರಿಸುವ ಎಣ್ಣೆಯ ಟ್ಯಾಂಕು ಮನೆಯ ಪಕ್ಕದಲ್ಲಿ, ಹುಲ್ಲಿನ ಕೆಳಗೆ, ನೆಲದಲ್ಲಿ ಹೂತಿತ್ತು. ಮೇಲೆ ಕಾಣುತ್ತಿದ್ದದ್ದು ಒಂದು ಮುಚ್ಚಳ, ಒಂದು ಗಾಳಿಕೊಳವೆ, ಅಷ್ಟೇ. ಎಷ್ಟು ಎಣ್ಣೆ ಉಳಿದಿದೆ ಎಂದು ತಿಳಿಯಬೇಕಾದರೆ ಮುಚ್ಚಳ ತೆಗೆದು ಉದ್ದನೆಯ ಕೋಲು ಇಳಿಬಿಟ್ಟು, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಬೇಕು. ಎಷ್ಟು ಇಂಚಿಗೆ ಎಷ್ಟು ಗ್ಯಾಲನ್ ಎಂಬ ಪಟ್ಟಿಯನ್ನು ಹಿಂದಿನ ಮಾಲೀಕ ಬೇಸ್‌ಮೆಂಟ್ ಬಾಗಿಲಿಗೆ ಅಂಟಿಸಿ ಹೋಗಿದ್ದ. ಪ್ರತಿ ಭಾನುವಾರ ಬೆಳಿಗ್ಗೆ ನನ್ನ ಗಂಡ ಅಳೆಯುತ್ತಿದ್ದರು, ನಾನು ಕ್ಯಾಲೆಂಡರಿನ ಮೇಲೆ ಬರೆಯುತ್ತಿದ್ದೆ.

ಮೊದಲ ಎರಡು ಚಳಿಗಾಲ ಹೇಗೋ ಕಳೆದವು. ಬಿಲ್ ಬಂದಾಗ ಬೇರೆ ಖರ್ಚು ಹಿಡಿದು ಕಟ್ಟುತ್ತಿದ್ದೆವು. ಮೂರನೆಯ ವರ್ಷ ಎಣ್ಣೆಯ ದರ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಅದೇ ಅಕ್ಟೋಬರಿನಲ್ಲಿ, ಟೆಲಿಕಾಂ ಕಂಪನಿಯೊಂದರಲ್ಲಿ ಗಂಡನಿಗಿದ್ದ ಕಾಂಟ್ರಾಕ್ಟ್ ಮುಗಿಯಿತು, ಮುಂದುವರಿಯಲಿಲ್ಲ. ಡಾಕ್ಟರೊಬ್ಬರ ಆಫೀಸಿನಲ್ಲಿ ನಾನು ಮಾಡುತ್ತಿದ್ದ ಬಿಲ್ಲಿಂಗ್ ಕೆಲಸದ ಸಂಬಳ ಮಾತ್ರ ಉಳಿಯಿತು. ಮನೆಯಲ್ಲಿ ನಾಲ್ಕು ಜನ: ನಾವಿಬ್ಬರು, ಹೈಸ್ಕೂಲಿನಲ್ಲಿದ್ದ ಮಗಳು, ಮತ್ತು ನಮ್ಮ ಅತ್ತೆ. ಮಾವ ತೀರಿಕೊಂಡ ಮೇಲೆ ಅತ್ತೆ ಗದಗಿನಿಂದ ಬಂದು ನಮ್ಮ ಜೊತೆಗೇ ಇದ್ದರು. ಎಪ್ಪತ್ತೆರಡು ವರ್ಷ, ತೆಳ್ಳನೆ ಜೀವ. ಗೋಡೆಯ ಬುಡದಲ್ಲಿ ಓಡುವ ಬಿಸಿನೀರಿನ ಕೊಳವೆಗೆ ಬೆನ್ನು ಕೊಟ್ಟು, ಕೌದಿ ಹೊದ್ದು ಕುಳಿತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ.

ನವೆಂಬರಿನ ಮೊದಲ ವಾರ ಅಡುಗೆಮನೆಯ ಟೇಬಲ್ಲಿಗೆ ಕುಳಿತು ಲೆಕ್ಕ ಹಾಕಿದೆವು. ಒಂದು ಸಲಕ್ಕೆ ನೂರು ಗ್ಯಾಲನ್ನಿಗಿಂತ ಕಡಿಮೆ ತಂದು ಹಾಕುವುದಿಲ್ಲ ಎಂದು ಎಣ್ಣೆಯವರು ಹೇಳಿದ್ದರು. ನಮ್ಮ ಕೈಯಲ್ಲಿ ಆಗುತ್ತಿದ್ದದ್ದು ಆರು ವಾರಕ್ಕೊಮ್ಮೆ ನೂರು. ಹಾಗಾಗಿ ಮನೆಯ ಶಾಖ ನಿಗದಿ ಮಾಡುವ ಥರ್ಮೋಸ್ಟಾಟನ್ನು ಅರವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್‌ನಿಂದ ಅರವತ್ತಕ್ಕೆ ಇಳಿಸುವುದು, ಮಹಡಿಯ ಕೋಣೆಗಳನ್ನು ಮುಚ್ಚುವುದು, ಎಲ್ಲರೂ ಕೆಳಗೇ ಮಲಗುವುದು ಎಂದು ತೀರ್ಮಾನವಾಯಿತು. ಬಾಗಿಲ ಸಂದಿಗಳಿಗೆ ನಾನು ಹಳೆಯ ಸೀರೆಗಳನ್ನು ಸುರುಳಿ ಸುತ್ತಿ ಇಟ್ಟೆ. ಮಗಳು ಬೆರಳಿನ ತುದಿ ಕತ್ತರಿಸಿದ ಕೈಗವಸು ಹಾಕಿಕೊಂಡು ಹೋಮ್‌ವರ್ಕ್ ಮಾಡುತ್ತಿದ್ದಳು. ಗೆಳತಿಯರನ್ನು ಮನೆಗೆ ಕರೆಯುವುದನ್ನು ಬಿಟ್ಟಳು.

ಇಷ್ಟೆಲ್ಲ ಮಾಡಿದರೂ ಕೋಲು ಒಪ್ಪಲಿಲ್ಲ.

ಆರು ವಾರಕ್ಕೆ ಬರಬೇಕಾದ ನೂರು ಗ್ಯಾಲನ್ ನಾಲ್ಕೇ ವಾರದಲ್ಲಿ ಮುಗಿಯುತ್ತ ಬಂತು. ಗಂಡ ಇನ್ನೊಮ್ಮೆ ಅಳೆದರು. ಥರ್ಮೋಸ್ಟಾಟನ್ನು ಐವತ್ತೆಂಟಕ್ಕೆ ಇಳಿಸಿದೆವು. ಜನವರಿಯಲ್ಲಿ ತುಂಬಿಸಿದ್ದು ಮೂರೂವರೆ ವಾರಕ್ಕೆ ತಳ ಮುಟ್ಟಿತು. ದುಡ್ಡು ಹೊಂದಿಸುವವರೆಗೆ ಗಂಡ ಪೆಟ್ರೋಲ್ ಬಂಕಿನಿಂದ ಕ್ಯಾನುಗಳಲ್ಲಿ, ಬಾಯ್ಲರಿನಲ್ಲಿ ಆ ಎಣ್ಣೆಯಂತೆಯೇ ಉರಿಯುವ ಡೀಸೆಲ್ ತಂದು ಟ್ಯಾಂಕಿಗೆ ಸುರಿದರು. ಅವರ ಜಾಕೆಟ್ಟಿನಿಂದ ಆ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ.

"ಕಡಿಮಿ ಉರಿಸಿದಷ್ಟೂ ಜಾಸ್ತಿ ಖರ್ಚಾಗಾಕತ್ತೈತಿ. ಹೆಂಗ ಇದು?" ಎಂದು ಅವರು ಕ್ಯಾಲೆಂಡರಿನ ಮುಂದೆ ನಿಂತು ಕೇಳಿದರು.

ನನ್ನ ಹತ್ತಿರ ಉತ್ತರವಿತ್ತು. ಹಗಲು ನಾನು ಆಫೀಸಿಗೆ, ಮಗಳು ಸ್ಕೂಲಿಗೆ, ಅವರು ಕೆಲಸ ಹುಡುಕಿಕೊಂಡು ಲೈಬ್ರರಿಗೆ ಹೋಗುತ್ತಿದ್ದೆವು. ಲೈಬ್ರರಿ ಬೆಚ್ಚಗಿರುತ್ತಿತ್ತು. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ ಒಬ್ಬರೇ. ಥರ್ಮೋಸ್ಟಾಟ್ ಇದ್ದದ್ದು ಅವರ ಕೋಣೆಯ ಹೊರಗಿನ ಗೋಡೆಯ ಮೇಲೆ. ನಾವು ಹೋದ ಮೇಲೆ ಏರಿಸುತ್ತಾರೆ, ಬರುವ ಹೊತ್ತಿಗೆ ಇಳಿಸುತ್ತಾರೆ ಎಂದು ಒಮ್ಮೆ ತಲೆಗೆ ಬಂದಿದ್ದೇ ತಡ, ಆಮೇಲೆ ನೋಡಿದ್ದೆಲ್ಲ ಅದಕ್ಕೆ ಸಾಕ್ಷಿಯಾಯಿತು. ಅವರ ಕೋಣೆ ಉಳಿದ ಕಡೆಗಿಂತ ಬೆಚ್ಚಗಿದೆ ಎನ್ನಿಸುತ್ತಿತ್ತು. ನಾನು ಬಾಗಿಲು ತೆಗೆದಾಗ ಅವರು ಗಡಬಡಿಸಿ ಏಳುತ್ತಾರೆ ಎನ್ನಿಸುತ್ತಿತ್ತು. ಗಂಡನಿಗೆ ಹೇಳಿದೆ. ಅವರು ಕ್ಯಾಲೆಂಡರಿನ ಅಂಕಿಗಳನ್ನು ಮತ್ತೆ ಕೂಡಿಸತೊಡಗಿದರು.

ಒಂದು ಶನಿವಾರ ಮಧ್ಯಾಹ್ನ ಊಟವಾದ ಮೇಲೆ ನಾನೇ ಕೇಳಿದೆ.

"ಅತ್ತಿ, ಖರೇ ಹೇಳ್ರಿ. ನಾವು ಹೊರಗ ಹೋದಾಗ ಹೀಟ್ ಜಾಸ್ತಿ ಮಾಡ್ತೀರೇನು?"

ಅವರು ತಾಟು ಹಿಡಿದುಕೊಂಡೇ ನಿಂತರು. "ಇಲ್ಲವಾ. ನಾ ಯಾಕ ಮುಟ್ಟಲಿ? ಅದನ್ನ ಹೆಂಗ ತಿರುವೂದಂತನೂ ನಂಗ ಗೊತ್ತಿಲ್ಲ."

"ಹಂಗಾದ್ರ ಎಣ್ಣಿ ಎಲ್ಲಿ ಹೋಗತೈತ್ರಿ? ನಿಮಗ ಥಂಡಿ ಆದ್ರ ಹೇಳ್ರಿ, ಇನ್ನೊಂದು ರಗ್ಗು ಕೊಡ್ತೀನಿ. ಕದ್ದು ಮಾಡಬ್ಯಾಡ್ರಿ."

ಕದ್ದು ಎಂಬ ಮಾತು ಬಾಯಿಂದ ಬಂದಾಗಲೇ ಅದು ಹೆಚ್ಚಾಯಿತೆಂದು ನನಗೆ ಗೊತ್ತಾಯಿತು. ಆದರೆ ವಾಪಸ್ಸು ತೆಗೆದುಕೊಳ್ಳಲಿಲ್ಲ. ಅತ್ತೆ ಮಗನ ಮುಖ ನೋಡಿದರು. ನನ್ನ ಗಂಡ ಫೋನ್ ನೋಡುತ್ತ ಕುಳಿತಿದ್ದರು, ತಲೆ ಎತ್ತಲಿಲ್ಲ. ಮಗಳು ಮಾತ್ರ ಸಿಟ್ಟಿನಿಂದ ಎದ್ದು ನಿಂತಳು. "ಅಜ್ಜಿ ಡಿಡಿಂಟ್ ಡೂ ಇಟ್, ಅಮ್ಮಾ. ವೈ ಆರ್ ಯು ಲೈಕ್ ದಿಸ್?"

"ನೀ ಸುಮ್ನಿರು," ಎಂದೆ.

ಮಾರನೆಯ ದಿನ ನಾನು ಹಾರ್ಡ್‌ವೇರ್ ಅಂಗಡಿಯಿಂದ ಥರ್ಮೋಸ್ಟಾಟಿಗೆ ಹಾಕುವ ಪ್ಲಾಸ್ಟಿಕ್ ಪೆಟ್ಟಿಗೆ ತಂದೆ. ಅದಕ್ಕೊಂದು ಸಣ್ಣ ಬೀಗವಿರುತ್ತದೆ. ಗಂಡ ಅದನ್ನು ಗೋಡೆಗೆ ಬಡಿಯುವಾಗ ಅತ್ತೆ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ವಾರವೇ ಹೋಬೋಕನ್‌ನಲ್ಲಿದ್ದ ಮೈದುನನಿಗೆ ಫೋನ್ ಮಾಡಿಸಿದರು. ಅವನು ಕಾರು ತಂದ. ಎರಡು ಬ್ಯಾಗು, ದೇವರ ಫೋಟೋ, ಕೌದಿ. "ಬರ್ತೀನಿ" ಎನ್ನುವುದು ನಮ್ಮ ಕಡೆಯ ಪದ್ಧತಿ. ಅತ್ತೆ ಮೊಮ್ಮಗಳಿಗೆ ಮಾತ್ರ ಹಾಗೆ ಹೇಳಿ ಕಾರು ಹತ್ತಿದರು.

ಅವರು ಹೋದದ್ದು ಫೆಬ್ರವರಿಯ ಕೊನೆಯಲ್ಲಿ. ಅಷ್ಟರಲ್ಲಿ ಹಿಮ ಕರಗಿ, ಬಿಟ್ಟೂ ಬಿಡದೆ ಮಳೆ ಶುರುವಾಯಿತು. ಅದಾದ ಮೊದಲ ಭಾನುವಾರ ಕೋಲಿನ ಗುರುತು ಒಂದೇ ಒಂದು ಇಂಚು ಇಳಿದಿತ್ತು. ಎರಡನೆಯ ಭಾನುವಾರ ಇಳಿದಿರಲೇ ಇಲ್ಲ. ಮೂರನೆಯ ಭಾನುವಾರವೂ ಅಲ್ಲೇ ನಿಂತಿತ್ತು.

"ನೋಡಿದ್ರಿಲ್ಲ?" ಎಂದೆ ನಾನು ಗಂಡನಿಗೆ. ನನ್ನ ದನಿಯಲ್ಲಿ ಗೆಲುವಿತ್ತು. ಅದನ್ನು ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. "ನಾ ಹೇಳಿದ್ದೆ. ಅವ್ರು ಹ್ವಾದ್ರು, ಎಣ್ಣಿ ನಿಂತ್ತು."

ಅವರು ಕೋಲನ್ನು ಬಟ್ಟೆಯಿಂದ ಒರೆಸುತ್ತಿದ್ದರು. "ಹೂಂ," ಎಂದರು. ಮಗಳು ಕೇಳಿಸಿಕೊಂಡಳು. ಅವಳು ಅವತ್ತಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತಾಡತೊಡಗಿದಳು.

ಮಾರ್ಚ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಬಾಯ್ಲರ್ ನಿಂತುಹೋಯಿತು. ಕೆಂಪು ಗುಂಡಿ ಒತ್ತಿದರೆ ಒಂದು ಸಲ ಕೆಮ್ಮಿದಂತೆ ಸದ್ದು ಮಾಡಿ ಮತ್ತೆ ನಿಲ್ಲುತ್ತಿತ್ತು. ಕೋಲು ಇಳಿಬಿಟ್ಟು ನೋಡಿದರೆ ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚಿತ್ತು. ರಿಪೇರಿಯವನನ್ನು ಕರೆಸಿದೆವು. ಅರವತ್ತು ದಾಟಿದ ಮನುಷ್ಯ, ಕಡಿಮೆ ಮಾತು. ಬೇಸ್‌ಮೆಂಟಿಗೆ ಇಳಿದು, ಫಿಲ್ಟರ್ ಬಿಚ್ಚಿ, ಒಳಗಿದ್ದುದನ್ನು ಒಂದು ಗಾಜಿನ ಜಾಡಿಗೆ ಸುರಿದು ಬೆಳಕಿಗೆ ಹಿಡಿದ. ಮೇಲೆ ತೆಳ್ಳಗೆ ಎಣ್ಣೆ, ಕೆಳಗೆಲ್ಲ ನೀರು.

"ನಿಮ್ಮ ಟ್ಯಾಂಕಿಗೆ ತೂತು ಬಿದ್ದಿದೆ," ಎಂದ. "ಮಣ್ಣು ಒಣಗಿದಾಗ ಎಣ್ಣೆ ಹೊರಗೆ ಹೋಗುತ್ತದೆ. ಮಳೆ ಬಂದಾಗ ನೀರು ಒಳಗೆ ಬರುತ್ತದೆ, ಕೋಲು ಅದನ್ನೂ ಎಣ್ಣೆಯೆಂದೇ ತೋರಿಸುತ್ತದೆ. ಈ ಚಳಿಗಾಲ ನಿಮಗೆ ಎಣ್ಣೆ ಬೇಗ ಬೇಗ ಖಾಲಿಯಾಗಲಿಲ್ಲವೇ?"

ಗಂಡ ನನ್ನ ಕಡೆ ನೋಡಲಿಲ್ಲ. "ಹೌದು, ಆಯ್ತು," ಎಂದು ಅವನಿಗೆ ಹೇಳಿದರು. ಮುಂದೇನು ಮಾಡಬೇಕು, ಯಾರಿಗೆ ತಿಳಿಸಬೇಕು ಎಂಬುದನ್ನೆಲ್ಲ ನಿಧಾನವಾಗಿ ಕೇಳಿ ಬರೆದುಕೊಂಡರು. ಅವನು ಹೋದ ಮೇಲೆ ಆ ಕಾಗದವನ್ನು ಟೇಬಲ್ ಮೇಲಿಟ್ಟು, ಅಂಗಳಕ್ಕೆ ಹೋಗಿ ಮುಚ್ಚಳದ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಸೋರಿಕೆ ಗೊತ್ತಾದ ಮೇಲೆ ರಾಜ್ಯ ಸರ್ಕಾರಕ್ಕೆ ತಿಳಿಸಲೇಬೇಕು. ತಿಳಿಸಿದ ಮೇಲೆ ಮಣ್ಣು ಶುದ್ಧ ಮಾಡಿಸಲೇಬೇಕು. ಅಗೆಯುವ ಯಂತ್ರ ಬಂದು ಹುಲ್ಲನ್ನೆಲ್ಲ ಬಗೆಯಿತು. ಟ್ಯಾಂಕನ್ನು ಸರಪಳಿ ಕಟ್ಟಿ ಎತ್ತಿದಾಗ ಅದರ ಹೊಟ್ಟೆಯಲ್ಲಿ ಬೆರಳು ತೂರುವಷ್ಟು ದೊಡ್ಡ ತೂತುಗಳು ಕಂಡವು, ನಾಲ್ಕೋ ಐದೋ. ಕೆಳಗಿನ ಮಣ್ಣು ಕಪ್ಪಗೆ ಹೊಳೆಯುತ್ತಿತ್ತು. ಎರಡು ದಿನ ಅಗೆದರೂ ಕಪ್ಪು ಮುಗಿಯಲಿಲ್ಲ. ಮೂರನೆಯ ದಿನ ಗುಂಡಿ ಮನೆಯ ಅಡಿಪಾಯದ ಹತ್ತಿರಕ್ಕೆ ಬಂತು, ಇನ್ನು ಅಗೆದರೆ ಗೋಡೆ ಕುಸಿಯುತ್ತದೆ ಎಂದು ನಿಲ್ಲಿಸಿದರು. ಆಮೇಲೆ ಬಾವಿಯ ನೀರು ಪರೀಕ್ಷೆ ಮಾಡಿದರು. ನಮ್ಮ ಮನೆಗೆ ಊರಿನ ನೀರಿಲ್ಲ, ಕೊಳವೆಬಾವಿಯೇ ಗತಿ. ಈ ನೀರನ್ನು ಕುಡಿಯಬೇಡಿ, ಅಡುಗೆಗೂ ಬಳಸಬೇಡಿ ಎಂದು ಕಾಗದ ಬಂತು. ಇನ್ಶೂರೆನ್ಸಿನವರು ಎರಡೇ ಪ್ಯಾರಾದ ಪತ್ರದಲ್ಲಿ, ನೆಲದಡಿಯ ಟ್ಯಾಂಕು ನಿಮ್ಮ ಪಾಲಿಸಿಯಲ್ಲಿ ಸೇರಿಲ್ಲ ಎಂದು ಬರೆದರು. ಹಿಂದಿನ ಮಾಲೀಕನ ಮೇಲೆ ಹೋಗಬಹುದೇ ಎಂದು ವಕೀಲರನ್ನು ಕೇಳಿದೆವು. ಅವರು ನಮ್ಮ ಕಾಗದಗಳನ್ನು ತಿರುವಿ, "ಇನ್‌ಸ್ಪೆಕ್ಷನ್ ಬೇಡ ಅಂತ ನೀವೇ ಸೈನ್ ಮಾಡಿದ್ದೀರಲ್ಲ," ಎಂದರು. ನಿವೃತ್ತಿಗೆಂದು ಇಟ್ಟ ಹಣವನ್ನು, ಅವಧಿಗೆ ಮೊದಲೇ ತೆಗೆದದ್ದಕ್ಕೆ ದಂಡ ಕಟ್ಟಿ, ಒಡೆದೆವು. ಮಗಳ ಕಾಲೇಜಿನದ್ದನ್ನೂ.

ಏಪ್ರಿಲಿನಲ್ಲಿ ಒಂದು ದಿನ ನಾನೊಬ್ಬಳೇ ಹೋಬೋಕನ್‌ಗೆ ಹೋದೆ. ಮೈದುನನ ಫ್ಲ್ಯಾಟ್ ಆರನೆಯ ಮಹಡಿಯಲ್ಲಿದೆ, ಕಿಟಕಿಯಿಂದ ನದಿಯ ಒಂದು ತುಂಡು ಕಾಣುತ್ತದೆ. ಅತ್ತೆ ಬಾಗಿಲು ತೆಗೆದರು. ಕೂರಿಸಿದರು, ಚಹಾ ಮಾಡಿದರು, ಚಕ್ಕುಲಿ ಇಟ್ಟರು. ನಾನು ಚಹಾ ಮುಟ್ಟದೆ ಎಲ್ಲ ಹೇಳಿದೆ. ಟ್ಯಾಂಕು, ತೂತು, ನೀರು, ಮಣ್ಣು.

"ನಂದು ತಪ್ಪಾತ್ರಿ ಅತ್ತಿ. ಹೊಟ್ಟ್ಯಾಗ ಹಾಕ್ಕೊಳ್ರಿ."

ಅವರು ಸೆರಗಿನಿಂದ ಟೇಬಲ್ ಮೇಲೆ ಚೆಲ್ಲಿದ್ದ ಚಹಾ ಒರೆಸಿದರು. "ತೂತು ಇಲ್ಲದಿದ್ರ?" ಎಂದು ಕೇಳಿದರು.

ನನಗೆ ಅರ್ಥವಾಗಲಿಲ್ಲ.

"ಟ್ಯಾಂಕಿಗೆ ತೂತು ಬಿದ್ದಿದ್ದು ಸಿಕ್ತು, ನೀ ಬಂದಿ. ಸಿಗದಿದ್ರ ನಾ ಕಳ್ಳೀನ ಆಗಿರ್ತಿದ್ನಲ್ಲವಾ. ನಾ ಮುಟ್ಟಿಲ್ಲಂತ ಅವತ್ತ ಹೇಳಿದ್ದೆ."

ಮನೆಗೆ ಬನ್ನಿ ಎಂದೆ. "ಇಲ್ಲೇ ಬೆಚ್ಚಗೈತಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬರುವಾಗ ಮಗಳಿಗೆಂದು ಚಕ್ಕುಲಿಯ ಡಬ್ಬಿ ಕೊಟ್ಟು ಕಳಿಸಿದರು.

ಈಗ ಬೇಸ್‌ಮೆಂಟಿನಲ್ಲಿ ಹೊಸ ಟ್ಯಾಂಕಿದೆ. ಎಣ್ಣೆ ಎಷ್ಟಿದೆ ಎಂದು ಮುಳ್ಳು ತೋರಿಸುತ್ತದೆ, ಕೋಲು ಬೇಕಿಲ್ಲ. ಗಂಡ ಒಂದು ಗೋದಾಮಿನಲ್ಲಿ ಶಿಫ್ಟ್ ಲೆಕ್ಕದಲ್ಲಿ ಕೆಲಸ ಮಾಡುತ್ತಾರೆ. ಮಗಳು ಸಾಲ ತೆಗೆದುಕೊಂಡು ದೂರದ ಕಾಲೇಜು ಸೇರಿದಳು; ಹತ್ತಿರದಲ್ಲೇ ಕಡಿಮೆ ಖರ್ಚಿನದು ಇತ್ತು, ಅವಳು ಒಪ್ಪಲಿಲ್ಲ. ಕುಡಿಯಲು, ಅಡುಗೆಗೆ ವಾರಕ್ಕೊಮ್ಮೆ ದೊಡ್ಡ ಬಾಟಲಿಗಳಲ್ಲಿ ನೀರು ತರುತ್ತೇವೆ. ಎಷ್ಟು ವರ್ಷ ಹೀಗೆ ಎಂದು ಕೇಳಿದರೆ ಯಾರೂ ಇಷ್ಟೇ ಎಂದು ಹೇಳುವುದಿಲ್ಲ.

ಹೋದ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೈದುನ ಅತ್ತೆಯನ್ನು ಕರೆದುಕೊಂಡು ಬಂದಿದ್ದ. ನಾನು ಬೆಳಿಗ್ಗೆಯೇ ಹೀಟ್ ಎಪ್ಪತ್ತಕ್ಕೆ ಇಟ್ಟಿದ್ದೆ. ಹೋಳಿಗೆ ಮಾಡಿದ್ದೆ. ಅತ್ತೆ ಸೋಫಾದ ತುದಿಯಲ್ಲಿ ಕುಳಿತರು. ಕೋಟು ಬಿಚ್ಚಲಿಲ್ಲ. "ಸೆಕಿ ಆಗತೈತಿ, ತಗೀರಿ ಅತ್ತಿ," ಎಂದೆ. "ಇರಲಿ," ಎಂದರು. ಊಟಕ್ಕೂ ಹಾಗೆಯೇ ಕುಳಿತರು. ಹಣೆಯ ಮೇಲೆ ಸಣ್ಣಗೆ ಬೆವರಿತ್ತು. ಕತ್ತಲಾಗುವ ಮೊದಲೇ ಹೊರಟರು.

ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಗಂಡನಿಗೆ, "ಈ ಮನಿ ಮಾರಿಬಿಡೂಣ್ರಿ," ಎಂದೆ. ಅಂಗಳದಲ್ಲಿ ಗುಂಡಿ ಮುಚ್ಚಿದ ಜಾಗದಲ್ಲಿ ಎರಡು ಸಲ ಬೀಜ ಹಾಕಿದರೂ ಹುಲ್ಲು ಸರಿಯಾಗಿ ಬಂದಿಲ್ಲ. ಅವರು ಅದನ್ನೇ ನೋಡುತ್ತಿದ್ದರು.

"ಯಾರ್ ತಗೋತಾರ?" ಎಂದು ಕೇಳಿ ಒಳಗೆ ಹೋದರು.